ಕೈಯಲ್ಲಿ ಸ್ಟಾರ್ಟ್ ಮಾಡಿದರೆ ಆಗುತ್ತೆ, ಕರೆಂಟ್ ಹೋಗಿ ಬಂದರೆ ಆಗಲ್ಲ: ಸರ್ವರ್ ಬೂಟ್ ಆಗುವಾಗ ಏನು ನಡೆಯುತ್ತೆ?

ಕಳೆದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಮಲೆನಾಡಿನ ಒಂದು ಸಹಕಾರಿ ಸಂಘದಿಂದ ಫೋನ್ ಬಂತು. ಮಾತಾಡಿದ್ದು ಕೌಂಟರಿನಲ್ಲಿ ಕೂರುವ ಅಕ್ಕ. "ಸಾರ್, ರಾತ್ರಿಯೆಲ್ಲ ಕರೆಂಟ್ ಇರ್ಲಿಲ್ಲ. ಬೆಳಿಗ್ಗೆ ಬಂತು. ಸರ್ವರ್ ಆನ್ ಆಗಿದೆ, ಲೈಟೂ ಉರೀತಿದೆ. ಆದ್ರೆ ಬಿಲ್ಲಿಂಗ್ ಓಪನ್ ಆಗ್ತಿಲ್ಲ. ಜನ ಸಾಲಲ್ಲಿ ನಿಂತಿದ್ದಾರೆ."

ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸನ್ನು ರೀಸ್ಟಾರ್ಟ್ ಮಾಡಿ ಅಂದೆ. ಅವರು ಮಾಡಿದರು, ಬಿಲ್ಲಿಂಗ್ ಓಪನ್ ಆಯ್ತು. ಆಮೇಲೆ ಗೊತ್ತಾಯ್ತು, ಅವರಿಗೆ ಇದು ಹೊಸತಲ್ಲ. ರೀಸ್ಟಾರ್ಟ್ ಮಾಡುವ ಕಮಾಂಡನ್ನು ಒಂದು ಚೀಟಿಯಲ್ಲಿ ಬರೆದು ಸಿಪಿಯು ಡಬ್ಬಕ್ಕೆ ಅಂಟಿಸಿಕೊಂಡಿದ್ದರು. ಅವತ್ತು ಮಳೆಯ ತೇವಕ್ಕೆ ಆ ಚೀಟಿ ಬಿದ್ದುಹೋಗಿತ್ತು, ಅದಕ್ಕೇ ಫೋನ್.

ಲಿನಕ್ಸ್ ಸರ್ವರ್ ನೋಡಿಕೊಳ್ಳುವವರಿಗೆಲ್ಲ ಈ ಕಾಯಿಲೆ ಗೊತ್ತು. ಮಷಿನ್ ಬೂಟ್ ಆಗುವಾಗ, ಅಂದರೆ ಆನ್ ಆಗಿ ಏಳುವಾಗ, ಸರ್ವಿಸ್ (ಹಿನ್ನೆಲೆಯಲ್ಲಿ ಸದಾ ಓಡುವ ಪ್ರೋಗ್ರಾಂ) ಫೇಲ್ ಆಗುತ್ತದೆ. ಐದು ನಿಮಿಷ ಬಿಟ್ಟು ನಾವೇ ಸ್ಟಾರ್ಟ್ ಮಾಡಿದರೆ ಏನೂ ಆಗದ ಹಾಗೆ ಓಡುತ್ತದೆ. ಹೆಚ್ಚಿನವರು ಅಲ್ಲಿಗೆ ಬಿಟ್ಟುಬಿಡುತ್ತಾರೆ, ಏಕೆಂದರೆ ಕೆಲಸ ನಡೆಯಿತಲ್ಲ. ಆದರೆ ಆ ವ್ಯತ್ಯಾಸದಲ್ಲೇ ಉತ್ತರ ಇದೆ ಅನ್ನುವುದು ನನ್ನ ಅನುಭವ. ಅದೇ ಪ್ರೋಗ್ರಾಂ, ಅದೇ ಸೆಟ್ಟಿಂಗ್, ಅದೇ ಮಷಿನ್. ಬದಲಾಗಿದ್ದು ಸಮಯ ಒಂದೇ. ಹಾಗಾದರೆ ಕೆಟ್ಟಿರುವುದು ಸರ್ವಿಸ್ ಅಲ್ಲ. ಅದಕ್ಕೆ ಬೇಕಾದ ಒಂದು ವಸ್ತು ಆ ಹೊತ್ತಿಗೆ ಇನ್ನೂ ಬಂದಿರಲಿಲ್ಲ. ಅದು ಯಾವ ವಸ್ತು? ಈ ಪ್ರಶ್ನೆಗೆ ಖಚಿತ ಉತ್ತರ ಸಿಗುವ ತನಕ ಸೆಟ್ಟಿಂಗ್ ಮುಟ್ಟಬಾರದು.

ಹಿಂದೆ ಈ ತೊಂದರೆ ಇಷ್ಟು ಜಾಸ್ತಿ ಇರಲಿಲ್ಲ. ಹಳೆಯ ಲಿನಕ್ಸಿನಲ್ಲಿ ಬೂಟ್ ಅಂದರೆ ಒಬ್ಬನೇ ನಿಂತು ಪಂಕ್ತಿಗೆ ಬಡಿಸಿದ ಹಾಗೆ. ಪ್ರತಿ ಸರ್ವಿಸ್‌ಗೂ ಒಂದು ಸ್ಕ್ರಿಪ್ಟ್, ಸ್ಕ್ರಿಪ್ಟ್‌ಗೊಂದು ನಂಬರ್. ರೆಡ್ ಹ್ಯಾಟ್ ಮಷಿನ್‌ಗಳಲ್ಲಿ ನೆಟ್‌ವರ್ಕಿನ ನಂಬರ್ 10, ದೂರದಿಂದ ಮಷಿನ್ ಒಳಗೆ ಹೋಗಲು ಬಳಸುವ ಎಸ್‌ಎಸ್‌ಎಚ್‌ನ ನಂಬರ್ 55. ಹತ್ತರ ಕೆಲಸ ಮುಗಿಯದೆ ಐವತ್ತೈದು ಶುರುವಾಗುತ್ತಿರಲಿಲ್ಲ. ನಿಧಾನ ನಿಜ, ಆದರೆ ಸರದಿ ತಪ್ಪುತ್ತಿರಲಿಲ್ಲ.

2010ರ ಏಪ್ರಿಲ್‌ನಲ್ಲಿ ಲೆನಾರ್ಟ್ ಪೋಟರಿಂಗ್ ಬೂಟ್ ಆಗುವಾಗ ಸರ್ವಿಸ್‌ಗಳನ್ನು ಶುರು ಮಾಡುವ, ಸಿಸ್ಟಮ್‌ಡಿ ಅನ್ನುವ ಹೊಸ ವ್ಯವಸ್ಥೆಯನ್ನು ಪ್ರಕಟಿಸಿದರು. ಕೇ ಸೀವರ್ಸ್ ಜೊತೆ ಸೇರಿ ಮಾಡಿದ ಕೆಲಸ ಅದು. 2011ರಲ್ಲಿ ಫೆಡೋರಾ 15, 2014ರಲ್ಲಿ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 7, 2015ರಲ್ಲಿ ಡೆಬಿಯನ್ 8 ಮತ್ತು ಉಬುಂಟು 15.04, ಹೀಗೆ ಲಿನಕ್ಸಿನ ಬೇರೆ ಬೇರೆ ಬಗೆಗಳು ಅದನ್ನೇ ಹಿಡಿದವು. ಈಗ ಹತ್ತು ಜನ ಒಟ್ಟಿಗೇ ಬಡಿಸಲು ಇಳಿಯುತ್ತಾರೆ. ಊಟ ಬೇಗ ಮುಗಿಯುತ್ತದೆ. ಆದರೆ "ಎಲೆ ಹಾಕಿದ ಮೇಲೆ ಅನ್ನ ತಗೊಂಡು ಬಾ" ಅಂತ ಅನ್ನದವನಿಗೆ ಹೇಳಿರಬೇಕು. ಹೇಳದಿದ್ದರೆ ಎಲೆಯಿಲ್ಲದ ನೆಲದ ಮುಂದೆ ಬುಟ್ಟಿ ಹಿಡಿದು ನಿಲ್ಲುತ್ತಾನೆ.

ಇದರ ಮೇಲೆ ಎಸ್‌ಎಸ್‌ಡಿ, ಅಂದರೆ ಹಳೆಯ ಹಾರ್ಡ್ ಡಿಸ್ಕಿಗಿಂತ ವೇಗದ ಡಿಸ್ಕ್, ಬಂತು. ಸಂಘದ ಸರ್ವರ್ ಕರೆಂಟ್ ಬಂದ ಹತ್ತು ಹದಿನೈದು ಸೆಕೆಂಡಿನಲ್ಲಿ ಸರ್ವಿಸ್‌ಗಳನ್ನು ಶುರು ಮಾಡುತ್ತದೆ. ಫೈಬರ್ ಮೋಡೆಮ್, ರೂಟರ್, ಕಂಪ್ಯೂಟರುಗಳನ್ನು ಕೇಬಲಿನಿಂದ ಜೋಡಿಸುವ ಸ್ವಿಚ್ ಡಬ್ಬ, ಇವುಗಳ ವೇಗ ಹಾಗೆ ಏರಿಲ್ಲ. ಅವು ಎಚ್ಚರವಾಗಲು ಒಂದು ನಿಮಿಷ, ಕೆಲವೊಮ್ಮೆ ಎರಡು ನಿಮಿಷ ಬೇಕು. ಡೇಟಾ ಸೆಂಟರಿನಲ್ಲಿ ಇದು ಅಷ್ಟಾಗಿ ಕಾಡುವುದಿಲ್ಲ. ಅಲ್ಲಿ ಸ್ವಿಚ್ ಯಾವಾಗಲೂ ಆನ್, ರೀಬೂಟ್ ಆಗುವುದು ಸರ್ವರ್ ಮಾತ್ರ. ನಮ್ಮ ತಾಲ್ಲೂಕು ಆಫೀಸು, ಶಾಲೆ, ಕ್ಲಿನಿಕ್, ಸೊಸೈಟಿಗಳಲ್ಲಿ ಕರೆಂಟ್ ಬಂದ ಕ್ಷಣ ಎಲ್ಲವೂ ಒಟ್ಟಿಗೆ ಏಳುತ್ತವೆ. ಎಲ್ಲಕ್ಕಿಂತ ಮೊದಲು ಏಳುವುದು, ಕೊನೆಗೆ ಏಳಬೇಕಾದ ಸರ್ವರ್.

ಈಗ ಸಂಘದ ಮಷಿನ್‌ಗೆ ಬರೋಣ. ನಾನು ಹೋದ ದಿನವೇ ಮೊದಲು ಮಾಡಿದ್ದು ಸಿಸ್ಟಮ್‌ಸಿಟಿಎಲ್ ಅನ್ನುವ ಕಮಾಂಡಿನಿಂದ ಸರ್ವಿಸ್‌ನ ಸ್ಟೇಟಸ್ ಕೇಳುವುದು. ಪೋಸ್ಟ್‌ಗ್ರೆಸ್‌ಗೆ ಹಸಿರು ಚುಕ್ಕೆ, ಆಕ್ಟಿವ್. ಇಲ್ಲಿ ಎರಡು ಕಡೆ ಎಡವುವ ಸಾಧ್ಯತೆ ಇದೆ. ಡೆಬಿಯನ್, ಉಬುಂಟುಗಳಲ್ಲಿ ಪೋಸ್ಟ್‌ಗ್ರೆಸ್‌ಕ್ಯೂಎಲ್ ಅನ್ನುವ ಹೆಸರಿನ ಸರ್ವಿಸ್ ಬರೀ ಹೆಸರಿಗೆ ಇರುವಂಥದ್ದು. ಅದು ಏನೂ ಮಾಡದೆ ಆಕ್ಟಿವ್ ಅಂತ ತೋರಿಸುತ್ತದೆ, ಪಕ್ಕದಲ್ಲಿ ಎಕ್ಸಿಟೆಡ್ ಅಂತ ಬರೆದಿರುತ್ತದೆ. ನಿಜವಾದ ಸರ್ವಿಸ್‌ನ ಹೆಸರಿನಲ್ಲಿ ವರ್ಷನ್ ನಂಬರೂ ಮೇನ್ ಅನ್ನುವ ಪದವೂ ಇರುತ್ತವೆ. ಅದನ್ನೇ ಕೇಳಬೇಕು. ಕೇಳಿದೆ. ಅದೂ ಹಸಿರೇ.

ಎರಡನೆಯದು ಇನ್ನೂ ಸೂಕ್ಷ್ಮ. ಸೆಟ್ಟಿಂಗ್ ಫೈಲಿನಲ್ಲಿ ಲಿಸನ್ ಅಡ್ರೆಸ್ (ಯಾವ ನೆಟ್‌ವರ್ಕ್ ವಿಳಾಸದಲ್ಲಿ ಕರೆಗೆ ಕಾಯಬೇಕು) ಅನ್ನುವ ಕಡೆ ಎರಡು ವಿಳಾಸ ಕೊಟ್ಟಿದ್ದರು. ಒಂದು ಲೋಕಲ್‌ಹೋಸ್ಟ್, ಇನ್ನೊಂದು 192.168.1.10. ಪೋಸ್ಟ್‌ಗ್ರೆಸ್‌ನ ಪದ್ಧತಿ ಹೇಗಿದೆ ಅಂದರೆ, ಕೊಟ್ಟ ವಿಳಾಸಗಳಲ್ಲಿ ಒಂದಾದರೂ ಸಿಕ್ಕರೆ ಅದು ಶುರುವಾಗುತ್ತದೆ, ಸಿಗದಿದ್ದಕ್ಕೆ ಲಾಗ್‌ನಲ್ಲಿ (ಮಷಿನ್ ತಾನೇ ಬರೆದಿಡುವ ದಿನಚರಿಯಲ್ಲಿ) ಒಂದು ವಾರ್ನಿಂಗ್ ಬರೆದು ಸುಮ್ಮನಾಗುತ್ತದೆ. ಒಂದೂ ಸಿಗದಿದ್ದರೆ ಮಾತ್ರ ಫೇಲ್. ಲೋಕಲ್‌ಹೋಸ್ಟ್ ಯಾವಾಗಲೂ ಇರುತ್ತದೆ, ಅದು ಮಷಿನ್ ಒಳಗಿನ ವಿಳಾಸ. ಹಾಗಾಗಿ ಸರ್ವಿಸ್ ಹಸಿರಾಗಿ ಓಡುತ್ತಿತ್ತು, ಕೌಂಟರಿನ ಮೂರು ಕಂಪ್ಯೂಟರಿಗೂ ಅದು ಸಿಗುತ್ತಿರಲಿಲ್ಲ. ಯಾವ ಪ್ರೋಗ್ರಾಂ ಯಾವ ಪೋರ್ಟ್‌ನಲ್ಲಿ (ವಿಳಾಸದೊಳಗಿನ ಬಾಗಿಲಿನ ನಂಬರಿನಲ್ಲಿ) ಕಾಯುತ್ತಿದೆ ಅಂತ ತೋರಿಸುವ ಎಸ್‌ಎಸ್ ಕಮಾಂಡ್ ಕೊಟ್ಟು ನೋಡಿದೆ. ಪೋಸ್ಟ್‌ಗ್ರೆಸ್‌ನ 5432 ಪೋರ್ಟಿನ ಎದುರು 127.0.0.1, ಅಂದರೆ ಲೋಕಲ್‌ಹೋಸ್ಟ್, ಒಂದೇ ಇತ್ತು. 192.168.1.10 ಇರುವ ಸಾಲೇ ಇಲ್ಲ. ಹಸಿರು ಚುಕ್ಕೆಯನ್ನು ನಂಬಿದ್ದರೆ ಇನ್ನೂ ಹುಡುಕುತ್ತಾ ಇರುತ್ತಿದ್ದೆ.

ಮುಂದಿನ ಹೆಜ್ಜೆ ಲಾಗ್. ಲಾಗ್ ತೋರಿಸುವ ಜರ್ನಲ್‌ಸಿಟಿಎಲ್ ಕಮಾಂಡಿಗೆ ಮೈನಸ್ ಬಿ ಕೊಟ್ಟರೆ ಈ ಸಲದ ಬೂಟಿನ ಲಾಗ್ ಮಾತ್ರ ಬರುತ್ತದೆ. ಮೈನಸ್ ಬಿ ಮೈನಸ್ 1 ಅಂದರೆ ಹಿಂದಿನ ಸಲದ್ದು. ಆದರೆ ಹಿಂದಿನದು ಉಳಿದಿರಬೇಕಾದರೆ ವಾರ್ (var) ಡೈರೆಕ್ಟರಿಯಲ್ಲಿ, ಲಾಗ್ ಅನ್ನುವುದರ ಒಳಗೆ ಜರ್ನಲ್ ಅನ್ನುವ ಡೈರೆಕ್ಟರಿ ಇರಬೇಕು. ಹಲವು ಮಷಿನ್‌ಗಳ ಡೀಫಾಲ್ಟ್ ಸೆಟ್ಟಿಂಗಿನಲ್ಲಿ ಅದು ಇಲ್ಲದಿದ್ದರೆ ಲಾಗ್ ಮೆಮೊರಿಯಲ್ಲಷ್ಟೇ ಇದ್ದು, ಕರೆಂಟ್ ಹೋದಾಗ ಅದೂ ಹೋಗುತ್ತದೆ. ಹೊಸ ಸರ್ವರ್ ಹಾಕಿದ ದಿನವೇ ಇದನ್ನು ನೋಡಿಕೊಳ್ಳಿ. ತೊಂದರೆ ಬಂದ ಮೇಲೆ ನೋಡಿದರೆ ಸಾಕ್ಷಿಯೇ ಇರುವುದಿಲ್ಲ.

ಇನ್ನೊಂದು ಕಿವಿಮಾತು. ತುಂಬಾ ಜನ ಫೇಲ್ ಆದ ಸರ್ವಿಸ್‌ನ ಲಾಗ್ ಮಾತ್ರ ತೆಗೆದು ಓದುತ್ತಾರೆ. ಅದರಲ್ಲಿ ಅರ್ಧ ಕತೆ ಅಷ್ಟೇ ಇರುತ್ತದೆ. ಸರ್ವಿಸ್‌ನ ಲಾಗ್, ನೆಟ್‌ವರ್ಕ್ ಜೋಡಿಸುವ ನೆಟ್‌ವರ್ಕ್ ಮ್ಯಾನೇಜರ್ ಪ್ರೋಗ್ರಾಂನ ಲಾಗ್, ಲಿನಕ್ಸಿನ ತಿರುಳಾದ ಕರ್ನಲ್‌ನ ಲಾಗ್ ಮೂರನ್ನೂ ಒಟ್ಟಿಗೆ, ಸಮಯದ ಸಾಲಿನಲ್ಲಿ ಇಟ್ಟು ಓದಬೇಕು. ಸಂಘದ ಮಷಿನ್‌ನಲ್ಲಿ ಕಂಡಿದ್ದು ಇದು. 6 ಗಂಟೆ 41 ನಿಮಿಷ 35 ಸೆಕೆಂಡಿಗೆ ಕರ್ನಲ್ ಶುರು. 6:42:11ಕ್ಕೆ ಪೋಸ್ಟ್‌ಗ್ರೆಸ್ 192.168.1.10 ಕೇಳಿತು, ಸಿಗಲಿಲ್ಲ. ಸಿಕ್ಕ ಉತ್ತರ "ಕೆನಾಟ್ ಅಸೈನ್ ರಿಕ್ವೆಸ್ಟೆಡ್ ಅಡ್ರೆಸ್". 6:42:24ಕ್ಕೆ ಕರ್ನಲ್ "ಲಿಂಕ್ ಈಸ್ ಅಪ್" ಅಂದಿತು, ಅಂದರೆ ಕೇಬಲ್‌ನ ಆ ತುದಿಯಲ್ಲಿ ಸ್ವಿಚ್ ಎದ್ದಿತು. 6:42:59ಕ್ಕೆ ರೂಟರ್ 192.168.1.10 ಅನ್ನುವ ವಿಳಾಸ ಕೊಟ್ಟಿತು.

ಸರ್ವಿಸ್ ಬಂದು 48 ಸೆಕೆಂಡ್ ಆದ ಮೇಲೆ ವಿಳಾಸ ಬಂದಿದೆ. ಕಾಯಿಲೆ ಇಷ್ಟೇ.

ಆ ಎರರ್ ಸಂದೇಶವನ್ನು ಸರಿಯಾಗಿ ಓದುವುದು ಮುಖ್ಯ. ಲಿನಕ್ಸಿನಲ್ಲಿ ಇದರ ನಂಬರ್ 99. "ನೀನು ಕೇಳಿದ ವಿಳಾಸ ಈ ಮಷಿನ್‌ನಲ್ಲಿ ಈಗ ಇಲ್ಲ" ಅಂತ ಅರ್ಥ. ಇದರ ಪಕ್ಕದ 98 ನಂಬರಿನದು "ಅಡ್ರೆಸ್ ಆಲ್ರೆಡಿ ಇನ್ ಯೂಸ್". ನೋಡಲು ಒಂದೇ ಥರ ಇದ್ದರೂ ಕಾಯಿಲೆ ಪೂರ್ತಿ ಬೇರೆ. 98 ಬಂದರೆ ವಿಳಾಸ ಇದೆ, ಆದರೆ ಆ ಪೋರ್ಟಿನಲ್ಲಿ ಆಗಲೇ ಇನ್ನೊಬ್ಬರು ಕೂತಿದ್ದಾರೆ. ಉಬುಂಟುವಿನಲ್ಲಿ ಡಿಎನ್ಎಸ್ ಸರ್ವರ್ (ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವಂಥದ್ದು) ಹಾಕಲು ಹೋದವರಿಗೆ ಇದು ಗೊತ್ತಿರುತ್ತದೆ. 53ನೇ ಪೋರ್ಟನ್ನು ಸಿಸ್ಟಮ್‌ಡಿಯ ರಿಸಾಲ್ವ್ ಸರ್ವಿಸ್ ಮೊದಲೇ ಹಿಡಿದಿರುತ್ತದೆ. 98 ಬಂದಾಗ ಎಷ್ಟು ಹೊತ್ತು ಕಾದರೂ ಪ್ರಯೋಜನವಿಲ್ಲ, ಕೂತವರನ್ನು ಎಬ್ಬಿಸಬೇಕು. 99 ಬಂದಾಗ ಕಾದರೆ ಸರಿಹೋಗುತ್ತದೆ.

ಹಾಗಾದರೆ ಎಷ್ಟು ಕಾಯಬೇಕು? ಇಲ್ಲೇ ಹೆಚ್ಚಿನ ಕಡೆ ತಪ್ಪಾಗುವುದು. ಲಾಗ್‌ನಲ್ಲಿ ಕರ್ನಲ್ ಶುರುವಾದ 36 ಸೆಕೆಂಡಿಗೆ ಪೋಸ್ಟ್‌ಗ್ರೆಸ್ ಬಂದಿದೆ, ಅಲ್ವಾ? ಎಸ್‌ಎಸ್‌ಡಿ ಇರುವ ಮಷಿನ್‌ಗೆ ಅದು ತಡ. ಸರ್ವಿಸ್ ಹೇಗೆ ಶುರುವಾಗಬೇಕು ಅಂತ ಸಿಸ್ಟಮ್‌ಡಿಗೆ ಹೇಳುವ ಯೂನಿಟ್ ಫೈಲ್ ತೆಗೆದು ನೋಡಿದೆ. ಹಿಂದೆ ಯಾರೋ ಬಂದವರು ಶುರುವಾಗುವ ಮುಂಚೆ 30 ಸೆಕೆಂಡ್ ಸ್ಲೀಪ್, ಅಂದರೆ ಸುಮ್ಮನೆ ಕಾಯಬೇಕು, ಅಂತ ಸೇರಿಸಿದ್ದರು. ಆಗ ಅದು ಸಾಕಾಗಿತ್ತು. ಕೆಲವು ತಿಂಗಳು ತೊಂದರೆಯಿಲ್ಲದೆ ನಡೆಯಿತಂತೆ. ಸಿಡಿಲು ಬಡಿದು ಹಳೆಯ ಸ್ವಿಚ್ ಸುಟ್ಟಿತು. ಹೊಸದಾಗಿ ಸ್ವಲ್ಪ ದುಬಾರಿಯ, ಸೆಟ್ಟಿಂಗ್ ಬದಲಿಸಬಹುದಾದ ಮ್ಯಾನೇಜ್ಡ್ ಸ್ವಿಚ್ ಹಾಕಿದರು. ಅಂದಿನಿಂದ ಚೀಟಿ ಬೇಕಾಯ್ತು.

ದುಬಾರಿ ಸ್ವಿಚ್ ಹಾಕಿದ ಮೇಲೆ ಯಾಕೆ ತಡವಾಯ್ತು ಅಂತ ಅವರಿಗೆ ದೊಡ್ಡ ಆಶ್ಚರ್ಯ. ಮತ್ತೆ ಆ ಲಾಗ್ ನೋಡಿ. ಲಿಂಕ್ ಅಪ್ ಆದದ್ದು 6:42:24, ವಿಳಾಸ ಬಂದದ್ದು 6:42:59. ನಡುವೆ 35 ಸೆಕೆಂಡ್. ರೂಟರ್ ವಿಳಾಸ ಕೊಡಲು ಸಾಮಾನ್ಯವಾಗಿ ಒಂದೆರಡು ಸೆಕೆಂಡ್ ಸಾಕು. ಮೂವತ್ತು ಚಿಲ್ಲರೆ ಸೆಕೆಂಡಿನ ಅಂತರ ಕಂಡ ಕೂಡಲೇ ನನಗೆ ಸ್ಪ್ಯಾನಿಂಗ್ ಟ್ರೀ ನೆನಪಾಗುತ್ತದೆ. ಕೇಬಲ್‌ಗಳು ಸುತ್ತು ಹಾಕಿಕೊಂಡು ಪ್ಯಾಕೆಟ್‌ಗಳು ಗಿರಕಿ ಹೊಡೆಯಬಾರದು ಅಂತ ಮ್ಯಾನೇಜ್ಡ್ ಸ್ವಿಚ್‌ಗಳು ಮಾಡುವ ಪರೀಕ್ಷೆ ಅದು. ಅದರ ಮೂಲ ರೂಪದಲ್ಲಿ ಸ್ವಿಚ್ಚಿನ ಪೋರ್ಟ್ (ಇಲ್ಲಿ ಕೇಬಲ್ ಸಿಕ್ಕಿಸುವ ಕಿಂಡಿ) ಎದ್ದ ಮೇಲೆ 15 ಸೆಕೆಂಡ್ ಕೇಳಿಸಿಕೊಳ್ಳುತ್ತದೆ, ಇನ್ನೂ 15 ಸೆಕೆಂಡ್ ಕಲಿಯುತ್ತದೆ, ಆಮೇಲೆ ಪ್ಯಾಕೆಟ್ ಬಿಡುತ್ತದೆ. ಆ ಮೂವತ್ತು ಸೆಕೆಂಡ್ ಪೋರ್ಟಿನ ದೀಪ ಉರಿಯುತ್ತಿರುತ್ತದೆ, ಕೇಬಲ್ ಸರಿ ಇರುತ್ತದೆ, ಆದರೆ ಒಳಗಿಂದ ಏನೂ ಹಾಯುವುದಿಲ್ಲ. ಕಂಪ್ಯೂಟರ್ ಮಾತ್ರ ಜೋಡಿಸಿರುವ ಪೋರ್ಟುಗಳಲ್ಲಿ ಈ ಕಾಯುವಿಕೆಯನ್ನು ಬಿಡಿಸಬಹುದು. ಅದಕ್ಕೆ ಎಡ್ಜ್ ಪೋರ್ಟ್ ಅಂತಲೋ ಪೋರ್ಟ್‌ಫಾಸ್ಟ್ ಅಂತಲೋ ಸೆಟ್ಟಿಂಗ್ ಇರುತ್ತದೆ.

ಸ್ಲೀಪ್ ಹಾಕುವುದು ನನಗೆ ಯಾಕೆ ಇಷ್ಟವಿಲ್ಲ ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಡ. ಸ್ಲೀಪ್ 30 ಅಂದರೆ, ಇವತ್ತಿನ ಸ್ವಿಚ್, ಇವತ್ತಿನ ರೂಟರ್ ಇಟ್ಟುಕೊಂಡು ಮಾಡಿದ ಒಂದು ಊಹೆ. ಏನಕ್ಕೆ ಕಾಯುತ್ತಿದ್ದೇವೆ ಅಂತ ಅದು ಎಲ್ಲೂ ಹೇಳುವುದಿಲ್ಲ. ನಾಳೆ ಒಂದು ಡಬ್ಬ ಬದಲಾದರೆ ಊಹೆ ಕೆಡುತ್ತದೆ, ಯಾಕೆ ಕೆಟ್ಟಿತು ಅಂತ ಹೊಸದಾಗಿ ಬಂದವರಿಗೆ ಗೊತ್ತಾಗುವುದಿಲ್ಲ. ಸರಿ, 30ರ ಬದಲು 120 ಹಾಕೋಣ ಅಂದರೆ ಅಲ್ಲೂ ಒಂದು ಗೋಡೆ ಇದೆ. ಬೇರೆ ಹೇಳದಿದ್ದರೆ ಸಿಸ್ಟಮ್‌ಡಿ ಒಂದು ಸರ್ವಿಸ್ ಶುರುವಾಗಲು 90 ಸೆಕೆಂಡ್ ಕೊಡುತ್ತದೆ, ಸ್ಲೀಪ್ ಕೂಡ ಅದೇ ಲೆಕ್ಕದಲ್ಲಿ ಸೇರುತ್ತದೆ. ನಿದ್ದೆಯ ನಡುವೆಯೇ ಟೈಮ್‌ಔಟ್ ಆಗಿ ಸರ್ವಿಸ್ ಫೇಲ್ ಆಗುತ್ತದೆ.

"ಹಾಗಾದ್ರೆ ನೆಟ್‌ವರ್ಕ್ ಬಂದ ಮೇಲೆ ಶುರುವಾಗು ಅಂತ ಹೇಳಿದ್ರಾಯ್ತಲ್ಲ?" ಅಂತ ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಆದರೆ ನೆಟ್‌ವರ್ಕ್ ಬಂತು ಅಂದರೆ ಏನು? ಕೇಬಲ್ ಸಿಕ್ಕಿಸಿದ್ದಾ? ಐಪಿ ವಿಳಾಸ ಬಂದಿದ್ದಾ? ರೂಟರಿನ ತನಕ ಹೋಗಿಬರಲು ಆಗಿದ್ದಾ? ಡಿಎನ್ಎಸ್ ಉತ್ತರ ಕೊಟ್ಟಿದ್ದಾ? ಹೊರಗಿನ ಇಂಟರ್ನೆಟ್ ಸಿಕ್ಕಿದ್ದಾ? ಪೋಸ್ಟ್‌ಗ್ರೆಸ್‌ಗೆ ಬೇಕಾಗಿದ್ದು ವಿಳಾಸ ಮಾತ್ರ. ಎನ್‌ಜಿನ್‌ಎಕ್ಸ್ ವೆಬ್ ಸರ್ವರಿನ ಸೆಟ್ಟಿಂಗಿನಲ್ಲಿ ತನ್ನ ಬೆನ್ನ ಹಿಂದೆ ಕೆಲಸ ಮಾಡುವ ಸರ್ವರನ್ನು ಹೆಸರಿನಿಂದ ಬರೆದಿದ್ದರೆ, ಶುರುವಾಗುವ ಹೊತ್ತಿಗೆ ಡಿಎನ್ಎಸ್ ಬೇಕು. ಆ ಹೆಸರಿಗೆ ಉತ್ತರ ಸಿಗದಿದ್ದರೆ ಅದು ಏಳುವುದೇ ಇಲ್ಲ. ಒಬ್ಬೊಬ್ಬರ ಅಗತ್ಯ ಒಂದೊಂದು.

ಸಿಸ್ಟಮ್‌ಡಿಯಲ್ಲಿ ಇದಕ್ಕೆ ಎರಡು ಹೆಸರುಗಳಿವೆ, ಗೊಂದಲ ಹುಟ್ಟುವುದೇ ಅಲ್ಲಿ. ಒಂದು ನೆಟ್‌ವರ್ಕ್ ಟಾರ್ಗೆಟ್ (ಟಾರ್ಗೆಟ್ ಅಂದರೆ ಬೂಟಿನ ದಾರಿಯ ಒಂದು ಮೈಲಿಗಲ್ಲು). ಇನ್ನೊಂದು ನೆಟ್‌ವರ್ಕ್ ಆನ್‌ಲೈನ್ ಟಾರ್ಗೆಟ್. ಮೊದಲನೆಯದರ ಹೆಸರು ನೋಡಿ ನೆಟ್‌ವರ್ಕ್ ಸಿದ್ಧ ಅಂದುಕೊಳ್ಳುತ್ತೇವೆ. ಹಾಗಲ್ಲ. ನೆಟ್‌ವರ್ಕ್ ನೋಡಿಕೊಳ್ಳುವ ಪ್ರೋಗ್ರಾಂ ಶುರುವಾಗಿದೆ ಅನ್ನುವುದಷ್ಟೇ ಅದರ ಅರ್ಥ. ವಿಳಾಸ ಬಂದಿರಬೇಕು ಅಂತಿಲ್ಲ. ಬೂಟ್ ಆಗುವಾಗ ಅದರ ಉಪಯೋಗ ಕಡಿಮೆ ಅಂತ ಸಿಸ್ಟಮ್‌ಡಿಯ ಕೈಪಿಡಿಯೇ ಹೇಳುತ್ತದೆ. ಅದು ಹೆಚ್ಚು ಕೆಲಸಕ್ಕೆ ಬರುವುದು ಮಷಿನ್ ಆಫ್ ಆಗುವಾಗ. ಸರ್ವಿಸ್‌ಗಳು ನಿಂತ ಮೇಲೆ ನೆಟ್‌ವರ್ಕ್ ನಿಲ್ಲಲಿ ಅನ್ನುವುದಕ್ಕೆ. ಎಷ್ಟೋ ಸರ್ವಿಸ್‌ಗಳ ಯೂನಿಟ್ ಫೈಲಿನಲ್ಲಿ ಬರೀ ಈ ಮೊದಲನೆಯದನ್ನೇ ಬರೆದಿರುತ್ತಾರೆ.

ಎರಡನೆಯದು, ಆನ್‌ಲೈನ್ ಟಾರ್ಗೆಟ್, ನಿಜವಾಗಿ ಕಾಯುತ್ತದೆ. ಆದರೆ ಅದನ್ನು ಬಳಸುವಾಗಲೂ ಒಂದು ತಪ್ಪು ತುಂಬಾ ಸಾಮಾನ್ಯ. ಆಫ್ಟರ್ ಅಂತ ಒಂದು ಸಾಲು ಬರೆದು ಬಿಡುತ್ತಾರೆ. ಸಿಸ್ಟಮ್‌ಡಿಯಲ್ಲಿ ಕರೆಯುವುದು ಬೇರೆ, ಕಾಯುವುದು ಬೇರೆ. ಆಫ್ಟರ್ ಅಂದರೆ "ಅವನು ಬರುವವನಿದ್ದರೆ, ಅವನ ನಂತರ ನಾನು". ಅವನನ್ನು ಯಾರೂ ಕರೆಯದಿದ್ದರೆ ಕಾಯುವ ಪ್ರಶ್ನೆಯೇ ಇಲ್ಲ. ವಾಂಟ್ಸ್ ಅಂದರೆ "ಅವನನ್ನೂ ಕರೆಯಿರಿ", ಆದರೆ ಯಾರು ಮೊದಲು ಅಂತ ಅದು ಹೇಳುವುದಿಲ್ಲ. ಎರಡೂ ಸಾಲು ಬೇಕು. ಬರೆಯುವಾಗ ಮೂಲ ಫೈಲನ್ನು ತಿದ್ದಬೇಡಿ, ಮುಂದಿನ ಅಪ್‌ಡೇಟಿನಲ್ಲಿ ಅಳಿಸಿಹೋಗಬಹುದು. ಸಿಸ್ಟಮ್‌ಸಿಟಿಎಲ್ ಎಡಿಟ್ ಕೊಟ್ಟರೆ ಪಕ್ಕದಲ್ಲಿ ಒಂದು ಸಣ್ಣ ಫೈಲ್ ತೆರೆಯುತ್ತದೆ, ನಮ್ಮ ಸಾಲುಗಳು ಅಲ್ಲಿರಲಿ.

ಇಷ್ಟು ಮಾಡಿದರೆ ಸಂಘದ ತೊಂದರೆ ಮುಗಿಯುತ್ತಿತ್ತಾ? ನಾನು ಲೆಕ್ಕ ಹಾಕಿ ನೋಡಿದೆ. ಮುಗಿಯುತ್ತಿರಲಿಲ್ಲ. ಈ ವಿಷಯ ಅಷ್ಟಾಗಿ ಯಾರೂ ಹೇಳುವುದಿಲ್ಲ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನೆಟ್‌ವರ್ಕ್ ಮ್ಯಾನೇಜರ್ ಇರುವ ಮಷಿನ್‌ನಲ್ಲಿ ಆನ್‌ಲೈನ್ ಅಂತ ಘೋಷಿಸುವುದು ವೆಯ್ಟ್ ಆನ್‌ಲೈನ್ ಅನ್ನುವ ಒಂದು ಸಣ್ಣ ಸರ್ವಿಸ್. ಅದು ಕಾಯುವುದು ವಿಳಾಸಕ್ಕಲ್ಲ. "ನನ್ನ ಆರಂಭದ ಕೆಲಸ ಮುಗಿಯಿತು" ಅಂತ ನೆಟ್‌ವರ್ಕ್ ಮ್ಯಾನೇಜರ್ ಹೇಳುವುದಕ್ಕೆ. ಕೇಬಲ್‌ನ ಆ ತುದಿಯಲ್ಲಿ ಸ್ವಿಚ್ ಇನ್ನೂ ಎದ್ದಿಲ್ಲ ಅಂದರೆ, ಮ್ಯಾನೇಜರ್ ಕೆಲವು ಸೆಕೆಂಡ್ ನೋಡಿ, ಈಗ ಜೋಡಿಸಲು ಏನೂ ಇಲ್ಲ, ನನ್ನ ಕೆಲಸ ಮುಗಿಯಿತು ಅನ್ನುತ್ತದೆ. ಆನ್‌ಲೈನ್ ಟಾರ್ಗೆಟ್ ತಲುಪಿದ ಹಾಗಾಯ್ತು. ನೆಟ್‌ವರ್ಕ್ ಮಾತ್ರ ಇಲ್ಲ. ಸಂಘದಲ್ಲಿ ಸ್ವಿಚ್ ಎದ್ದದ್ದು ಸುಮಾರು ಮುಕ್ಕಾಲು ನಿಮಿಷದ ಮೇಲೆ. ಅಷ್ಟು ಹೊತ್ತು ಮ್ಯಾನೇಜರ್ ಕಾಯುವುದಿಲ್ಲ.

ಸಿಸ್ಟಮ್‌ಡಿಯದೇ ಆದ ನೆಟ್‌ವರ್ಕ್‌ಡಿ ಇರುವ ಕಡೆ ಕತೆ ಉಲ್ಟಾ. ಅದರ ವೆಯ್ಟ್ ಆನ್‌ಲೈನ್ ಡೀಫಾಲ್ಟ್ ಆಗಿ 120 ಸೆಕೆಂಡ್ ಕಾಯುತ್ತದೆ. ಸರ್ವರಿನಲ್ಲಿ ಎರಡು ನೆಟ್‌ವರ್ಕ್ ಪೋರ್ಟ್ ಇದ್ದು, ಎರಡನ್ನೂ ಸೆಟ್ಟಿಂಗಿನಲ್ಲಿ ಬರೆದು, ಒಂದಕ್ಕೆ ಮಾತ್ರ ಕೇಬಲ್ ಹಾಕಿದ್ದರೆ, ಖಾಲಿ ಪೋರ್ಟಿಗಾಗಿ ಎರಡು ನಿಮಿಷ ಬೂಟ್ ನಿಂತಿರುತ್ತದೆ. ಉಬುಂಟು ಸರ್ವರ್ ಬೂಟ್ ಆಗುವುದು ನಿಧಾನ ಅಂತ ದೂರುವವರು ಮೊದಲು ಇದನ್ನು ನೋಡಬೇಕು. ಉಬುಂಟುವಿನ ನೆಟ್‌ವರ್ಕ್ ಸೆಟ್ಟಿಂಗ್ ಇರುವ ನೆಟ್‌ಪ್ಲಾನ್ ಫೈಲಿನಲ್ಲಿ ಆ ಪೋರ್ಟಿಗೆ ಆಪ್ಷನಲ್ ಟ್ರೂ ಅಂತ ಬರೆದರೆ ಅದಕ್ಕಾಗಿ ಕಾಯುವುದಿಲ್ಲ.

ಡೆಬಿಯನ್‌ನ ಹಳೆಯ ಇಂಟರ್ಫೇಸಸ್ ಫೈಲ್ ಬಳಸುವವರು ಆಟೋ ಅಂತ ಬರೆದಿದೆಯೋ, ಅಲೋ ಹಾಟ್‌ಪ್ಲಗ್ ಅಂತ ಬರೆದಿದೆಯೋ ನೋಡಿ. ಹಾಟ್‌ಪ್ಲಗ್ ಇದ್ದರೆ ಕಾರ್ಡ್ ಕಂಡಾಗ ಎದ್ದೇಳಲಿ ಅಂತ ಅರ್ಥ, ಅದಕ್ಕಾಗಿ ಬೂಟ್ ನಿಲ್ಲುವುದಿಲ್ಲ.

ಇನ್ನು ಫೇಲ್ ಆದರೆ ಮತ್ತೆ ಮತ್ತೆ ಪ್ರಯತ್ನಿಸಲಿ ಅನ್ನುವ ದಾರಿ. ಇದು ನನಗೆ ಇಷ್ಟವಾದ ದಾರಿ, ಆದರೆ ಇಲ್ಲಿ ಬಹಳ ಜನ ಜಾರುತ್ತಾರೆ. ರೀಸ್ಟಾರ್ಟ್ ಆಲ್ವೇಸ್ ಅಂತ ಒಂದು ಸಾಲು ಬರೆದು, ಇನ್ನು ಚಿಂತೆಯಿಲ್ಲ ಅಂದುಕೊಳ್ಳುತ್ತಾರೆ. ಸಿಸ್ಟಮ್‌ಡಿ ಎರಡು ಪ್ರಯತ್ನಗಳ ನಡುವೆ ಕಾಯುವುದು 100 ಮಿಲಿಸೆಕೆಂಡ್, ಅಂದರೆ ಸೆಕೆಂಡಿನ ಹತ್ತನೇ ಒಂದು ಪಾಲು. ಜೊತೆಗೆ 10 ಸೆಕೆಂಡಿನ ಒಳಗೆ 5 ಸಲಕ್ಕಿಂತ ಜಾಸ್ತಿ ಶುರು ಮಾಡುವಂತಿಲ್ಲ ಅನ್ನುವ ಮಿತಿ ಇದೆ. ಲೆಕ್ಕ ಮಾಡಿ. ಶುರುವಾದ ಕೂಡಲೇ ಸಾಯುವ ಸರ್ವಿಸ್ ಒಂದು ಸೆಕೆಂಡ್ ಆಗುವ ಮುಂಚೆಯೇ ಐದು ಸಲ ಎದ್ದು ಬಿದ್ದು ಮುಗಿಸಿರುತ್ತದೆ. ಲಾಗ್‌ನಲ್ಲಿ "ಸ್ಟಾರ್ಟ್ ರಿಕ್ವೆಸ್ಟ್ ರಿಪೀಟೆಡ್ ಟೂ ಕ್ವಿಕ್ಲಿ" ಅಂತ ಬರುತ್ತದೆ, ಸಿಸ್ಟಮ್‌ಡಿ ಕೈಬಿಡುತ್ತದೆ. ವಿಳಾಸ ಬರಲು ಇನ್ನೂ ನಲವತ್ತೇಳು ಸೆಕೆಂಡ್ ಇರುತ್ತದೆ. ಹಾಗಾಗಿ ರೀಸ್ಟಾರ್ಟ್ ಜೊತೆಗೆ ನಡುವಿನ ಬಿಡುವನ್ನೂ ಬರೆಯಿರಿ. ನಾನು 10 ಸೆಕೆಂಡ್ ಹಾಕುತ್ತೇನೆ. ಸ್ಟಾರ್ಟ್ ಲಿಮಿಟ್ ಇಂಟರ್ವಲ್ ಅನ್ನುವುದಕ್ಕೆ ಸೊನ್ನೆ ಕೊಟ್ಟರೆ ಐದರ ಮಿತಿಯೂ ಹೋಗುತ್ತದೆ. ಆಗ ಸ್ವಿಚ್ ಅರ್ಧ ಗಂಟೆ ಬಿಟ್ಟು ಎದ್ದರೂ ಸರ್ವಿಸ್ ತಾನೇ ಸೇರಿಕೊಳ್ಳುತ್ತದೆ.

ಸಂಘದ ಪೋಸ್ಟ್‌ಗ್ರೆಸ್‌ಗೆ ಮಾತ್ರ ಇದೂ ನಡೆಯುತ್ತಿರಲಿಲ್ಲ. ಅದು ಫೇಲ್ ಆಗಿದ್ದರೆ ತಾನೇ ರೀಸ್ಟಾರ್ಟ್ ಆಗುವುದು?

ಇದೇ ಥರದ ಒಂದು ಅಪಾಯ ಎಸ್‌ಎಸ್‌ಎಚ್‌ನಲ್ಲಿದೆ, ಅದನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಸುರಕ್ಷತೆಗೆ ಅಂತ ಎಸ್‌ಎಸ್‌ಎಚ್ ಅನ್ನು ಒಂದೇ ವಿಳಾಸಕ್ಕೆ ಕಟ್ಟಿಹಾಕುವವರು ಇದ್ದಾರೆ. ಬೂಟ್‌ನಲ್ಲಿ ಆ ವಿಳಾಸ ಇಲ್ಲದಿದ್ದರೆ ಅದು 255 ಅನ್ನುವ ಕೋಡ್ ಕೊಟ್ಟು ಸಾಯುತ್ತದೆ. ಡೆಬಿಯನ್‌ನ ಯೂನಿಟ್ ಫೈಲಿನಲ್ಲಿ ಫೇಲ್ ಆದರೆ ರೀಸ್ಟಾರ್ಟ್ ಮಾಡು ಅಂತ ಇದೆ, ಆದರೆ 255 ಬಂದರೆ ಮಾಡಬೇಡ ಅಂತಲೂ ಇದೆ. ದೂರದ ಊರಿನ ಸರ್ವರ್ ಓಡುತ್ತಿರುತ್ತದೆ, ಒಳಗೆ ಹೋಗುವ ಬಾಗಿಲು ಮಾತ್ರ ಮುಚ್ಚಿರುತ್ತದೆ. ಬಸ್ ಹತ್ತಿ ಹೋಗಿ ಕೀಬೋರ್ಡ್ ಜೋಡಿಸಬೇಕು.

ಹಾಗಾದರೆ ಸಂಘದಲ್ಲಿ ಏನು ಮಾಡಿದೆ? ವಿಳಾಸದ ಅವಲಂಬನೆಯನ್ನೇ ತೆಗೆದೆ. ಲಿಸನ್ ಅಡ್ರೆಸ್ ಅನ್ನುವಲ್ಲಿ ಎರಡು ವಿಳಾಸದ ಬದಲು ಒಂದು ನಕ್ಷತ್ರ (*) ಹಾಕಿದೆ. ಈಗಿರುವ, ಮುಂದೆ ಬರುವ ಯಾವ ವಿಳಾಸವಾದರೂ ಸರಿ ಅಂತ ಅದರ ಅರ್ಥ. ನೆಟ್‌ವರ್ಕ್ ಇಲ್ಲದಿದ್ದರೂ ಪೋಸ್ಟ್‌ಗ್ರೆಸ್ ತೊಂದರೆಯಿಲ್ಲದೆ ಏಳುತ್ತದೆ. ಆಮೇಲೆ 192.168.1.10 ಬಂದಾಗ ಅಲ್ಲೂ ಅದು ಸಿಗುತ್ತದೆ, ರೀಸ್ಟಾರ್ಟ್ ಬೇಡ. ಸ್ಲೀಪ್ ಸಾಲನ್ನು ಅಳಿಸಿದೆ.

"ಎಲ್ಲ ಬಾಗಿಲು ತೆರೆದಿಟ್ಟ ಹಾಗಾಗಲ್ವಾ?" ಅಂತ ಸಂಘದ ಕಾರ್ಯದರ್ಶಿ ಕೇಳಿದರು. ಕೇಳಿದ್ದು ಸರಿಯಾಗಿಯೇ ಇತ್ತು. ಲಿಸನ್ ವಿಳಾಸವನ್ನು ಬೀಗದ ಥರ ಬಳಸುವುದು ನಮ್ಮ ಅಭ್ಯಾಸ. ಆ ಬೀಗವನ್ನು ಬೇರೆ ಕಡೆ ಹಾಕಬೇಕು. ಯಾರನ್ನು ಒಳಗೆ ಬಿಡಬೇಕು ಅಂತ ಬರೆಯುವ, ಪೋಸ್ಟ್‌ಗ್ರೆಸ್‌ನ ಎಚ್‌ಬಿಎ ಫೈಲಿನಲ್ಲಿ ಕೌಂಟರಿನ ಮೂರು ಮಷಿನ್‌ಗಳ ವಿಳಾಸ ಮಾತ್ರ ಬರೆದೆ, ಫೈರ್‌ವಾಲಿನಲ್ಲೂ 5432 ಪೋರ್ಟನ್ನು ಆ ಮೂವರಿಗಷ್ಟೇ ಬಿಟ್ಟೆ. ಇದನ್ನು ಮಾಡದೆ ಬರೀ ನಕ್ಷತ್ರ ಹಾಕಿ ಬರಬೇಡಿ, ದಯವಿಟ್ಟು.

ಒಂದೇ ವಿಳಾಸಕ್ಕೆ ಕಟ್ಟಲೇಬೇಕು ಅನ್ನುವ ಪ್ರೋಗ್ರಾಂಗಳೂ ಇವೆ. ಅವಕ್ಕೆ ಕರ್ನಲ್‌ನಲ್ಲೇ ಒಂದು ಸೌಲಭ್ಯ ಇದೆ. ಐಪಿ ನಾನ್‌ಲೋಕಲ್ ಬೈಂಡ್ ಅನ್ನುವ ಸೆಟ್ಟಿಂಗಿಗೆ 1 ಕೊಟ್ಟರೆ, ಇನ್ನೂ ಬಂದಿಲ್ಲದ ವಿಳಾಸದಲ್ಲೂ ಕೂರಲು ಬಿಡುತ್ತದೆ. ಸಿಸ್ಟಮ್‌ಡಿಯ ಸಾಕೆಟ್ ಫೈಲಿನಲ್ಲಿ ಫ್ರೀಬೈಂಡ್ ಅಂತ ಬರೆದರೂ ಅದೇ ಫಲ, ಅದೂ ಆ ಒಂದು ಸರ್ವಿಸ್‌ಗೆ ಮಾತ್ರ. ಇಡೀ ಮಷಿನ್‌ಗೆ ಹಾಕುವುದಕ್ಕಿಂತ ಇದು ವಾಸಿ.

ಪ್ರೋಗ್ರಾಂ ಬರೆಯುವ ಗೆಳೆಯರಿಗೆ ಒಂದು ಮಾತು ಹೇಳಬೇಕು. ನೆಟ್‌ವರ್ಕ್ ಅನ್ನುವುದು ಒಮ್ಮೆ ಬಂದರೆ ಹೋಗದ ವಸ್ತು ಅಲ್ಲ. ಬೂಟ್‌ನಲ್ಲಿ ಇರಲಿಲ್ಲ ಅಂತ ಸಾಯುವ ಪ್ರೋಗ್ರಾಂ, ಮಧ್ಯಾಹ್ನ ಎರಡು ಗಂಟೆಗೆ ಯಾರೋ ಕೇಬಲ್ ಎಳೆದಾಗ ಏನು ಮಾಡುತ್ತದೆ? ನೆಟ್‌ವರ್ಕ್ ಬರುವುದು ಹೋಗುವುದನ್ನು ಪ್ರೋಗ್ರಾಂ ತಾನೇ ತಾಳಿಕೊಳ್ಳಬೇಕು ಅಂತ ಸಿಸ್ಟಮ್‌ಡಿ ಮಾಡಿದವರೂ ಹೇಳುತ್ತಾ ಬಂದಿದ್ದಾರೆ. ಅದನ್ನು ನಾನು ಪೂರ್ತಿ ಒಪ್ಪುತ್ತೇನೆ. ಬೂಟ್‌ನ ಸರದಿ ಸರಿಮಾಡುವುದು ಅರ್ಧ ಔಷಧಿ ಅಷ್ಟೇ.

ವಿಳಾಸದ ಕತೆ ಅಲ್ಲದೆ ಬೇರೆ ಕಾರಣಗಳೂ ಇವೆ, ಚುಟುಕಾಗಿ ಹೇಳುತ್ತೇನೆ. ಎಲ್ಲಕ್ಕೂ ಮೊದಲು ಸರ್ವಿಸ್ ಎನೇಬಲ್ ಆಗಿದೆಯಾ ನೋಡಿ. ಸ್ಟಾರ್ಟ್ ಮಾಡುವುದು ಈಗಿನ ಮಟ್ಟಿಗೆ, ಎನೇಬಲ್ ಮಾಡುವುದು ಮುಂದಿನ ಬೂಟಿಗೆ. ಲ್ಯಾಪ್‌ಟಾಪನ್ನು ಸರ್ವರ್ ಮಾಡಿಕೊಂಡವರು ವೈಫೈ ಪಾಸ್‌ವರ್ಡ್ ಎಲ್ಲಿ ಸೇವ್ ಆಗಿದೆ ನೋಡಿ. ಒಬ್ಬ ಯೂಸರಿನ ಹೆಸರಿನಲ್ಲಿ ಮಾತ್ರ ಇದ್ದರೆ ಅವರು ಲಾಗಿನ್ ಆಗುವ ತನಕ ವೈಫೈ ಸೇರುವುದಿಲ್ಲ. ಐಪಿವಿ6 ಬಳಸುವ ಕಡೆ, ವಿಳಾಸ ಬಂದ ಮೇಲೂ ಅದೇ ವಿಳಾಸ ಬೇರೆ ಯಾರ ಹತ್ತಿರವಾದರೂ ಇದೆಯಾ ಅಂತ ಸುಮಾರು ಒಂದು ಸೆಕೆಂಡ್ ಪರೀಕ್ಷೆ ನಡೆಯುತ್ತದೆ. ಆ ಹೊತ್ತಿನಲ್ಲಿ ಅಲ್ಲಿ ಕೂರಲು ಹೋದರೂ ಅದೇ 99. ಹೊಸ ಕಾರ್ಡ್ ಹಾಕಿದ ಮೇಲೆ ನೆಟ್‌ವರ್ಕ್ ಪೋರ್ಟಿನ ಹೆಸರು ಬದಲಾಗಿರಬಹುದು, ಏಕೆಂದರೆ ಈಗಿನ ಹೆಸರುಗಳಲ್ಲಿ ಸ್ಲಾಟಿನ ನಂಬರ್ ಸೇರಿರುತ್ತದೆ.

ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಬಗ್ಗೆ ಸ್ವಲ್ಪ ಬೇರೆಯೇ ಹೇಳಬೇಕು. ಶಾಲೆಗಳಲ್ಲಿ, ತೋಟದ ಪಂಪ್ ಕಂಟ್ರೋಲಿನಲ್ಲಿ ಅದನ್ನು ತುಂಬಾ ಬಳಸುತ್ತಿದ್ದೇವೆ. ಪೈ 4ರ ತನಕ ಅದರಲ್ಲಿ ಬ್ಯಾಟರಿ ಗಡಿಯಾರವೇ ಇಲ್ಲ. ಪೈ 5ರಲ್ಲಿ ಗಡಿಯಾರ ಇದೆ, ಬ್ಯಾಟರಿ ನಾವು ಹಾಕಬೇಕು. ಕರೆಂಟ್ ಹೋಗಿ ಬಂದಾಗ ಅದು ಆಫ್ ಆದ ಹೊತ್ತಿನ ಆಸುಪಾಸಿನ ಹಳೆಯ ಸಮಯವನ್ನೇ ಹಿಡಿದು ಏಳುತ್ತದೆ. ನಾಲ್ಕು ದಿನ ಕರೆಂಟ್ ಇಲ್ಲದಿದ್ದರೆ ನಾಲ್ಕು ದಿನ ಹಿಂದೆ. ಆ ನಡುವೆ ಅದು ಸಂಪರ್ಕಿಸುವ ಸರ್ವರಿನ ಸರ್ಟಿಫಿಕೇಟ್ (ಗುರುತಿನ ಪತ್ರ) ಹೊಸದಾಗಿದ್ದರೆ, "ಇದು ಇನ್ನೂ ಚಾಲ್ತಿಗೆ ಬಂದಿಲ್ಲ" ಅಂತ ಹೇಳಿ ಸಂಪರ್ಕ ಕಡಿದುಕೊಳ್ಳುತ್ತದೆ. ನೆಟ್‌ವರ್ಕ್ ಇದೆ, ವಿಳಾಸ ಇದೆ, ಡಿಎನ್ಎಸ್ ಇದೆ, ಸರ್ವಿಸ್ ಮಾತ್ರ ಫೇಲ್. ಅಲ್ಲಿ ಕಾಯಬೇಕಾದದ್ದು ಗಡಿಯಾರ ಸರಿಹೋಗುವುದಕ್ಕೆ.

ಸಂಘದಲ್ಲಿ ಸೆಟ್ಟಿಂಗ್ ಬದಲಿಸಿ ಮುಗಿಸಿದೆ ಅಂತ ಹೇಳಿ ಬಂದಿದ್ದರೆ ನನಗೆ ಸಮಾಧಾನ ಆಗುತ್ತಿರಲಿಲ್ಲ. ಇಂಥ ರಿಪೇರಿಯನ್ನು ರೀಬೂಟ್ ಕಮಾಂಡ್ ಕೊಟ್ಟು ಪರೀಕ್ಷೆ ಮಾಡಿದರೆ ಸಾಲದು. ರೀಬೂಟ್‌ನಲ್ಲಿ ಸ್ವಿಚ್ ಎದ್ದೇ ಇರುತ್ತದೆ, ಕಾಯಿಲೆ ಕಾಣಿಸುವುದೇ ಇಲ್ಲ. ಶನಿವಾರ ಸಂಜೆ ಕೌಂಟರ್ ಮುಚ್ಚಿದ ಮೇಲೆ ಸರ್ವರನ್ನು ಸರಿಯಾಗಿ ಶಟ್‌ಡೌನ್ ಮಾಡಿದೆವು. ಆಮೇಲೆ ಯುಪಿಎಸ್ ಆಫ್ ಮಾಡಿ, ಕೋಣೆಯ ಮೇನ್ ಸ್ವಿಚ್ಚನ್ನೂ ಇಳಿಸಿದೆವು. ಫ್ಯಾನ್ ನಿಂತಿತು. ಹೊರಗೆ ಮಳೆ ಸದ್ದು. ಎರಡು ನಿಮಿಷ ಬಿಟ್ಟು ಮೇನ್ ಎತ್ತಿ, ಎಲ್ಲವನ್ನೂ ಒಟ್ಟಿಗೆ ಆನ್ ಮಾಡಿದೆವು. ಅಕ್ಕ ಕೌಂಟರಿನ ಮಷಿನ್ ಮುಂದೆ ಕೂತು ಬಿಲ್ಲಿಂಗಿನ ಗುರುತನ್ನು ಒತ್ತುತ್ತಾ ಹೋದರು. ಮೊದಲ ಸಲ ಎರರ್. ಎರಡನೇ ಸಲವೂ ಎರರ್. ಸ್ವಿಚ್ಚಿನ ದೀಪಗಳು ಹಳದಿಯಿಂದ ಹಸಿರಿಗೆ ತಿರುಗಿದವು. ಮೂರನೇ ಸಲಕ್ಕೆ ಸದಸ್ಯರ ಪಟ್ಟಿ ತೆರೆದುಕೊಂಡಿತು. ಸರ್ವರನ್ನು ಯಾರೂ ಮುಟ್ಟಿರಲಿಲ್ಲ.

"ಇನ್ನೊಂದ್ಸಲ ಮಾಡಿ ನೋಡೋಣ ಸಾರ್" ಅಂದರು ಅಕ್ಕ. ಮತ್ತೆ ಎರಡು ಸಲ ಮಾಡಿದೆವು.